ರಷ್ಯನ್-ಸ್ಪ್ಯಾನಿಷ್ ತಾರತಮ್ಯ ನಿರ್ಣಯ

ಮದುವೆಗೆ ಜಾತಕ, ಮನೆಗೆ ಆಯ, ಬಾವಿಗೆ ಜಲಪರೀಕ್ಷೆ ಎಂದು ನಮ್ಮ ಹಿರಿಯರು ಎಲ್ಲಕ್ಕೂ ಶಾಸ್ತ್ರ ಬರೆದಿಟ್ಟು ಹೋದರು. ಸಂಜೆ ಆರೂವರೆಯ ಬ್ಯಾಚಿನಲ್ಲಿ ಯಾವ ವಿದೇಶಿ ಭಾಷೆಗೆ ಸೇರಬೇಕು ಎಂಬುದಕ್ಕೆ ಮಾತ್ರ ಒಂದು ಸೂತ್ರವನ್ನೂ ಬರೆಯಲಿಲ್ಲ. ಆ ಕೊರತೆ ನೀಗುವುದಕ್ಕಾಗಿಯೇ ಪ್ರಸ್ತುತ ಪ್ರಬಂಧ ಅವತರಿಸಿದೆ. ಫ್ರೆಂಚ್, ಜರ್ಮನ್, ಜಪಾನೀಸ್‌ಗಳನ್ನು ಇಲ್ಲಿ ಚರ್ಚೆಗೆ ಎತ್ತಿಕೊಂಡಿಲ್ಲ. ಅವನ್ನು ಆರಿಸಿಕೊಂಡವರಿಗೆ ಸಂಶಯವೇ ಇರುವುದಿಲ್ಲ. ಸಂಶಯವಿಲ್ಲದವರಿಗೆ ಶಾಸ್ತ್ರ ಬೇಡ.

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಬೇಕೆಂದು ಬಲ್ಲವರು ಹೇಳುತ್ತಾರೆ. ವಿಷಯ ಹೇಳಿಯಾಯಿತು. ಪ್ರಯೋಜನದ ಮಾತೆತ್ತಿದರೆ ಜಗಳ ಶುರುವಾಗುವುದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಸಂಬಂಧವೆಂದರೆ ಫೀಸು. ಉಳಿದವನು ಅಧಿಕಾರಿ, ಅಂದರೆ ಕಲಿಯುವ ಅರ್ಹತೆಯುಳ್ಳವನು. ಅವನ ವಿಚಾರವನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ರಷ್ಯನ್ ಪಕ್ಷದವನು ಸಾಮಾನ್ಯವಾಗಿ ಐವತ್ತು ದಾಟಿದವನು. ಚಿಕ್ಕಂದಿನಲ್ಲಿ ಇವನ ನೋಟ್‌ಬುಕ್ಕುಗಳಿಗೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಯ ಬೈಂಡು. ಗಣಿತದ ಮೇಲೆ ನಗುತ್ತಾ ಗೋಧಿ ಕೊಯ್ಯುವ ಹೆಂಗಸು, ವಿಜ್ಞಾನದ ಮೇಲೆ ಅಣೆಕಟ್ಟು. ಗಣಿತದಲ್ಲಿ ಎಷ್ಟೇ ಕಡಿಮೆ ಅಂಕ ಬಂದರೂ ಆ ಹೆಂಗಸಿನ ನಗು ಮಾಸುತ್ತಿರಲಿಲ್ಲ. ಮುಂದೆ ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಕ್ಕ ದಪ್ಪ ರಟ್ಟಿನ ಪುಸ್ತಕಗಳು, ನಿರಂಜನರು ಕನ್ನಡಕ್ಕೆ ತಂದ ಗೋರ್ಕಿಯ ‘ತಾಯಿ’, ದೇಜಗೌ ತಂದ ಟಾಲ್‌ಸ್ಟಾಯ್. ಪಿಯುಸಿಯಲ್ಲಿ ಇರೊಡೊವನ ಭೌತಶಾಸ್ತ್ರದ ಲೆಕ್ಕಗಳು ಬಂದವು; ರಷ್ಯದ ಬಗೆಗಿನ ಪ್ರೀತಿಗೆ ಭಯವೂ ಸೇರಿ ಅದು ಭಕ್ತಿಯಾಯಿತು.

ಸ್ಪ್ಯಾನಿಷ್ ಪಕ್ಷದವಳು ಹೆಚ್ಚಾಗಿ ಇವನ ಮಗಳೇ. 2017ರಲ್ಲಿ ‘ದೆಸ್ಪಸೀತೊ’ ಹಾಡನ್ನು ಅರ್ಥ ತಿಳಿಯದೆ ಪೂರ್ತಿ ಬಾಯಿಪಾಠ ಮಾಡಿದವಳು, ‘ಮನಿ ಹೈಸ್ಟ್’ ಧಾರಾವಾಹಿಯನ್ನು ನಿದ್ದೆಗೆಟ್ಟು ನೋಡಿದವಳು. ಬೆಂಗಳೂರು ಎಫ್‌ಸಿ ತಂಡಕ್ಕೆ ಆಲ್ಬರ್ಟ್ ರೋಕಾ, ಅವರ ನಂತರ ಕಾರ್ಲೆಸ್ ಕ್ವಾದ್ರಾತ್ ಎಂದು ಸ್ಪೇನಿನಿಂದಲೇ ಕೋಚ್‌ಗಳು ಬಂದಾಗ ಕಂಠೀರವ ಕ್ರೀಡಾಂಗಣದಲ್ಲಿ ಕೂಗಿದವಳು. ಇವರಿಬ್ಬರ ವಾದ ನಡೆಯುವುದು ಊಟದ ಹೊತ್ತಿನಲ್ಲಿ. ಅದನ್ನು ಶಾಸ್ತ್ರದ ಅಗತ್ಯಕ್ಕೆ ಇದ್ದ ಹಾಗೇ ಕೊಡುತ್ತಿದ್ದೇವೆ.

“ಅಪ್ಪಾ, ರಷ್ಯನ್ ಕಲಿತು ಯಾರ ಹತ್ರ ಮಾತಾಡ್ತೀಯ?”

“ಮಾತಾಡೋಕಲ್ಲ ಕಣೇ, ಟಾಲ್‌ಸ್ಟಾಯ್ ಓದೋಕೆ. ಮೂಲದಲ್ಲಿ ಓದಬೇಕು ಅದನ್ನ.”

“ಕನ್ನಡದ್ದನ್ನೇ ಇನ್ನೂ ಮುಗಿಸಿಲ್ವಲ್ಲ!”

“ಓದಿದೀನಿ, ಓದಿದೀನಿ. ಹುಳಿ ಬಡಿಸು.”

ಇಲ್ಲಿಗೆ ಅಧಿಕಾರಿ ಪ್ರಕರಣ ಮುಗಿಯಿತು.

ಈಗ ಪೂರ್ವಪಕ್ಷ. ‘ಸ್ಪ್ಯಾನಿಷ್ ಸುಲಭ, ರಷ್ಯನ್ ಕಷ್ಟ, ಲೋಕಪ್ರಸಿದ್ಧವಾದ್ದರಿಂದ ಇದಕ್ಕೆ ಪ್ರಮಾಣ ಬೇಡ’ ಎಂಬುದು ಎದುರಾಳಿಯ ವಾದ. ಪ್ರಮಾಣ ಬೇಕೇ ಬೇಕೆಂದು ಹಟ ಹಿಡಿದರೆ ಆತ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಪಟ್ಟಿಯನ್ನು ಮುಂದೆ ಹಿಡಿಯುತ್ತಾನೆ. ಅದರ ಹಳೆಯ ಲೆಕ್ಕದ ಪ್ರಕಾರ ಸ್ಪ್ಯಾನಿಷ್ಷಿಗೆ 30 ವಾರ, 750 ಗಂಟೆ. ರಷ್ಯನ್ನಿಗೆ 44 ವಾರ, 1100 ಗಂಟೆ. ಇದನ್ನು ಕೇಳಿದ ಕೂಡಲೇ ನಮ್ಮವರು ಲೆಕ್ಕ ಹಾಕಿ, 350 ಗಂಟೆ ಉಳಿಯಿತೆಂದು ಸಂತೋಷಪಟ್ಟು ಸ್ಪ್ಯಾನಿಷ್ಷಿಗೆ ಹೆಸರು ಬರೆಸಿಬಿಡುತ್ತಾರೆ.

ಆದರೆ ಆ ಗಂಟೆಗಳು ಯಾರವು? ಹುಟ್ಟಿದಾರಭ್ಯ ಇಂಗ್ಲಿಷ್ ಆಡಿಕೊಂಡು ಬಂದ ಅಮೆರಿಕದ ರಾಜತಾಂತ್ರಿಕರವು. ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಾ ದಿನವಿಡೀ ತರಗತಿಯಲ್ಲಿ ಕೂತವರವು. ದಾವಣಗೆರೆಯಲ್ಲಿ ಹುಟ್ಟಿ ಎರಡು ವಯಸ್ಸಿಗೇ “ಅಜ್ಜಿಗೆ ಕೊಡು, ಅಜ್ಜಿಯಿಂದ ಇಸ್ಕೋ” ಎಂದು ವಿಭಕ್ತಿಗಳನ್ನು ನೀರು ಕುಡಿದಷ್ಟು ಸಲೀಸಾಗಿ ಬಳಸುವ ಜೀವ ಆ ಪಟ್ಟಿಯಲ್ಲಿಲ್ಲ. ಪರರ ಕಷ್ಟವನ್ನು ಎರವಲು ತಂದು ಅದಕ್ಕೆ ಬಡ್ಡಿ ಕಟ್ಟುವುದು ವಿವೇಕವಲ್ಲ ಎಂಬುದು ನಮ್ಮ ಮತ.

ಉತ್ತರಪಕ್ಷವನ್ನು ಕೇಶಿರಾಜನಿಂದಲೇ ಆರಂಭಿಸೋಣ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಆ ಮಹಾನುಭಾವ ರಷ್ಯನ್ ಬಗ್ಗೆ ಒಂದಕ್ಷರವನ್ನೂ ಹೇಳಿಲ್ಲ. ಆದರೂ ಕೆಲಸವನ್ನೆಲ್ಲ ಮುಗಿಸಿಟ್ಟಿದ್ದಾನೆ. ಕನ್ನಡಕ್ಕೆ ಏಳು ವಿಭಕ್ತಿ. ಅದರಲ್ಲಿ ಪಂಚಮಿಯ ‘ದೆಸೆಯಿಂದ’ವನ್ನು ಪರೀಕ್ಷೆಯ ಹಾಲಿನ ಹೊರಗೆ ಯಾರೂ ಕೇಳಿದ್ದಿಲ್ಲ. ಅದನ್ನು ಕಳೆದರೆ ಆರು. ರಷ್ಯನ್ನಿಗೆ ಇರುವುದೂ ಆರೇ. ಸ್ಪ್ಯಾನಿಷ್ ನಾಮಪದಗಳಿಗೆ ವಿಭಕ್ತಿ ಸೊನ್ನೆ. ಇಂತಹ ಹೊಂದಾಣಿಕೆ ಜಾತಕದಲ್ಲಿ ಸಿಕ್ಕಿದ್ದರೆ ಛತ್ರ ಗೊತ್ತುಮಾಡುತ್ತಿದ್ದರು.

ಅಷ್ಟೇ ಅಲ್ಲ. ಕನ್ನಡದಲ್ಲಿ “ಇವರು ನಮ್ಮ ಮೇಷ್ಟ್ರು” ಎಂದರೆ ಮುಗಿಯಿತು, ಕ್ರಿಯಾಪದ ಬೇಕಿಲ್ಲ, ರಷ್ಯನ್ನಿಗೂ ಬೇಕಿಲ್ಲ. ನಮಗೆ ಏನಾದರೂ ಇದ್ದರೆ ಅದು ‘ನಮ್ಮ ಹತ್ತಿರ’ ಇರುತ್ತದೆ. ಅವರಿಗೂ ಅವರ ಹತ್ತಿರವೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಚತುರ್ಥಿ. ‘ನನಗೆ ಚಳಿ’ ಎಂದು ನಾವು ಎರಡೇ ಪದದಲ್ಲಿ ನಡುಗುವಂತೆ ರಷ್ಯನ್ನರೂ ‘ಮ್ನ್ಯೆ ಖೋಲದ್ನ’ ಎಂದು ಎರಡೇ ಪದದಲ್ಲಿ ನಡುಗುತ್ತಾರೆ. ‘ನನಗೆ ಇಪ್ಪತ್ತು ವರ್ಷ’ ಎಂಬುದನ್ನೂ ಚತುರ್ಥಿಯಲ್ಲೇ ಹೇಳುತ್ತಾರೆ. ಚಳಿಯೂ ವಯಸ್ಸೂ ಮೇಲಿನಿಂದ ಬಂದು ಎರಗುವ ಸಂಗತಿಗಳು, ನಾವು ಬರೀ ನಿಮಿತ್ತ ಎಂಬ ತತ್ತ್ವ ತುಂಗಭದ್ರೆಯಿಂದ ವೋಲ್ಗಾವರೆಗೆ ಒಂದೇ.

ಸ್ಪ್ಯಾನಿಷ್ ಜನರ ನಿಲುವು ಬೇರೆ. ‘ತೆಂಗೊ’ ಎಂದರೆ ‘ನಾನು ಹೊಂದಿದ್ದೇನೆ’ ಎಂದರ್ಥ. ತಿಪಟೂರಿಗೂ ಇದಕ್ಕೂ ಸಂಬಂಧವಿಲ್ಲ. ಅವರು ಹಸಿವನ್ನು ಹೊಂದಿರುತ್ತಾರೆ, ನಿದ್ದೆಯನ್ನು ಹೊಂದಿರುತ್ತಾರೆ, ಚಳಿ, ಭಯ, ಬಾಯಾರಿಕೆಗಳನ್ನು ಹೊಂದಿರುತ್ತಾರೆ, ಇಪ್ಪತ್ತು ವರ್ಷಗಳನ್ನೂ ಹೊಂದಿರುತ್ತಾರೆ. ‘ನನಗೆ ಇಷ್ಟ’ ಎಂಬಲ್ಲಿ ಸ್ಪ್ಯಾನಿಷ್ಷೂ ಚತುರ್ಥಿಯನ್ನೇ ಹಿಡಿಯುತ್ತದಲ್ಲ ಎಂದು ಮಗಳು ಆಕ್ಷೇಪಿಸಬಹುದು. ಇಷ್ಟವೊಂದನ್ನು ದೇವರಿಗೆ ಬಿಟ್ಟು ಮಿಕ್ಕಿದ್ದನ್ನೆಲ್ಲ ತಮ್ಮ ಹೆಸರಿಗೆ ಪಹಣಿ ಮಾಡಿಸಿಕೊಂಡರೆ ಅದನ್ನು ವೈರಾಗ್ಯ ಎನ್ನಲಾಗದು.

ಇಷ್ಟರಲ್ಲೇ ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಪಕ್ಷಪಾತದ ಆರೋಪ ಬರಬಾರದಲ್ಲ, ರಷ್ಯನ್ನಿನ ದೋಷಗಳನ್ನೂ ಹೇಳುತ್ತೇವೆ. ಲಿಪಿ ದೋಷವಲ್ಲ: 49 ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ದಾಟಿ ಬಂದವನಿಗೆ 33 ಅಕ್ಷರ ಯಾವ ಲೆಕ್ಕ? ಅದರಲ್ಲೂ ಎರಡಕ್ಕೆ ಸ್ವಂತ ಉಚ್ಚಾರಣೆಯೇ ಇಲ್ಲ. ಇಂಗ್ಲಿಷ್ ಬಲ್ಲವನು ಮಾತ್ರ ಮಾಸ್ಕೊದಲ್ಲಿ ‘ರೆಸ್ತೊರಾನ್’ ಎಂಬ ಬೋರ್ಡನ್ನು ‘ಪೆಕ್ಟೋಪಾ’ ಎಂದು ಓದಿಕೊಂಡು ಹಸಿದು ಮುಂದೆ ಹೋಗುತ್ತಾನೆ. ತೊಂದರೆ ಇರುವುದು ಕೈಬರಹದಲ್ಲಿ. ಅಚ್ಚಿನಲ್ಲಿ ಬೇರೆ ಬೇರೆಯಾಗಿ ಕಾಣುವ ನಾಲ್ಕೈದು ಅಕ್ಷರಗಳು ಕೂಡುಬರಹದಲ್ಲಿ ಒಂದೇ ಗೀಟಿನ ಏರಿಳಿತಗಳಾಗಿಬಿಡುತ್ತವೆ. ಶಾನುಭೋಗರ ಮೋಡಿ ಕಡತ ಬಿಡಿಸಿ ಕೂತಂತೆ. ಎಲ್ಲಿ ಒಂದು ಅಕ್ಷರ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂಬುದು ಬರೆದವನಿಗೆ ಮಾತ್ರ ಗೊತ್ತು, ಅದೂ ಬರೆದ ದಿನ.

ಎರಡನೆಯದು ಸಂಖ್ಯಾದೋಷ. ಇಡ್ಲಿಯೂ ರಷ್ಯನ್ ನಾಮಪದಗಳಂತೆಯೇ ನಡೆದುಕೊಳ್ಳುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಇಡ್ಲಿ ತಿಂದರೆ ಪ್ರಥಮಾ ಏಕವಚನ. ಎರಡು, ಮೂರು, ನಾಲ್ಕಕ್ಕೆ ಷಷ್ಠಿ ಏಕವಚನ, ಅಂದರೆ ‘ನಾಲ್ಕು ಇಡ್ಲಿಯ’. ಐದರಿಂದ ಷಷ್ಠಿ ಬಹುವಚನ, ‘ಐದು ಇಡ್ಲಿಗಳ’. ಹೀಗೇ ಇಪ್ಪತ್ತರವರೆಗೆ ಹೋಗಿ, 21ನೇ ಇಡ್ಲಿಗೆ ಎಲ್ಲವೂ ಮರಳಿ ಏಕವಚನಕ್ಕೆ ಬರುತ್ತದೆ. ಇಪ್ಪತ್ತೊಂದು ಇಡ್ಲಿ ತಿಂದವನಿಗೆ ಅದ್ವೈತಸಿದ್ಧಿಯಾಗುತ್ತದೆ ಎಂಬುದನ್ನು ಒಪ್ಪಬಹುದಾದರೂ ಬಿಲ್ಲು ಬರೆಯುವ ಮಾಣಿಯ ಪಾಡು ಊಹಿಸಿ.

ಮೂರನೆಯದು ಕ್ರಿಯಾಪದ. ಪ್ರತಿ ಕೆಲಸಕ್ಕೂ ರಷ್ಯನ್ನಿನಲ್ಲಿ ಸಾಮಾನ್ಯವಾಗಿ ಒಂದು ಜೋಡಿ: ಕೆಲಸ ನಡೆಯುತ್ತಿದ್ದರೆ ಒಂದು, ಮುಗಿದಿದ್ದರೆ ಇನ್ನೊಂದು. ನಮ್ಮ ‘ಓದಿದ’, ‘ಓದಿಬಿಟ್ಟ’ಗಳ ಹಾಗೆ, ಆದರೆ ಅಲ್ಲಿ ಆಯ್ಕೆ ಮಾಡದೆ ಬಾಯಿ ತೆರೆಯುವಂತಿಲ್ಲ. ಮೇಲೆ ಹೇಳಿದ ತಂದೆ ‘ಓದಿದೀನಿ’ ಎಂದು ಹುಳಿಯ ಮರೆಯಲ್ಲಿ ಬಚಾವಾದದ್ದು ಕನ್ನಡದ ಔದಾರ್ಯ. ರಷ್ಯನ್ನಿನಲ್ಲಿ ಆತ ಟಾಲ್‌ಸ್ಟಾಯ್ ಮುಗಿಸಿದ್ದಾನೋ ಇಲ್ಲವೋ ಎಂಬುದನ್ನು ಕ್ರಿಯಾಪದವೇ ಮಗಳಿಗೆ ಚಾಡಿ ಹೇಳಿಬಿಡುತ್ತದೆ. ಹೋಗುವುದಕ್ಕೂ ಹಾಗೆಯೇ: ಕಾಲ್ನಡಿಗೆಗೆ ಒಂದು ಧಾತು, ವಾಹನಕ್ಕೆ ಇನ್ನೊಂದು. ಇಷ್ಟು ಕಷ್ಟಪಟ್ಟು ಕಲಿತ ಮೇಲೆ ಬಸ್ಸು, ಮಳೆ, ಹಿಮ ಮೂರೂ ಕಾಲ್ನಡಿಗೆಯಲ್ಲೇ ಬರುತ್ತವೆ ಎಂದು ಗೊತ್ತಾಗುತ್ತದೆ.

ಸ್ಪ್ಯಾನಿಷ್ಷಿನ ಗುಣಗಳು ಕಡಿಮೆಯೇನಲ್ಲ. ಬರೆದಂತೆ ಓದಬಹುದು; ಕನ್ನಡಿಗನಿಗೆ ಇದಕ್ಕಿಂತ ದೊಡ್ಡ ಸೌಜನ್ಯವಿಲ್ಲ. ನಾವು ಹಳಗನ್ನಡದ ಜೊತೆಗೇ ಕಳೆದುಕೊಂಡ ಶಕಟರೇಫವನ್ನು ಅವರು ಎರಡು ರಕಾರ ಜೋಡಿಸಿ ಇಂದಿಗೂ ಗುಡುಗಿಸುತ್ತಿದ್ದಾರೆ. ಅದನ್ನು ಗುಡುಗಿಸದೆ ಬಿಟ್ಟರೆ ನಾಯಿ ಹೋಗಿ ‘ಆದರೆ’ ಆಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯನ್ನು ತಲೆಕೆಳಗು ಮಾಡಿ ವಾಕ್ಯದ ಆರಂಭದಲ್ಲೇ ನಿಲ್ಲಿಸುವ ಪದ್ಧತಿಯನ್ನು ಅಲ್ಲಿನ ರಾಜ ಅಕಾಡೆಮಿ 1754ರಲ್ಲಿ ಜಾರಿಗೆ ತಂದಿತು. ನಮ್ಮ ವಿಮರ್ಶಕರ ವಾಕ್ಯಗಳಲ್ಲಿ ಅರ್ಧ ಪುಟ ದಾಟಿದ ಮೇಲೆ ಕೊನೆಯ ‘ಆಗಬಲ್ಲುದೆ’ ಬಂದಾಗಲೇ ಅದು ಪ್ರಶ್ನೆಯೆಂದು ತಿಳಿಯುವುದು. ಈ ಚಿಹ್ನೆಯನ್ನು ತುರ್ತಾಗಿ ಆಮದು ಮಾಡಿಕೊಳ್ಳಬೇಕು.

‘ಇರು’ ಎಂಬುದಕ್ಕೆ ಅಲ್ಲಿ ಎರಡು ಧಾತು. ಶಾಶ್ವತವಾದದ್ದಕ್ಕೆ ‘ಸೆರ್’, ತಾತ್ಕಾಲಿಕಕ್ಕೆ ‘ಎಸ್ತಾರ್’ ಎಂದು ಮೊದಲ ವಾರವೇ ಬೋರ್ಡಿನ ಮೇಲೆ ಬರೆಯುತ್ತಾರೆ. ಆಮೇಲೆ ‘ಅವನು ಸತ್ತಿದ್ದಾನೆ’ ಎನ್ನಲು ಎಸ್ತಾರ್ ಬಳಸುತ್ತಾರೆ. ಮರಣ ತಾತ್ಕಾಲಿಕ! ಸ್ಪೇನಿನವರು ಪುನರ್ಜನ್ಮವನ್ನು ನಂಬುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ನಮಗೆ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಹೆಸರಿನ ವಿಚಾರದಲ್ಲೂ ಹೀಗೇ. ರಷ್ಯನ್ನರು ತಂದೆಯ ಹೆಸರನ್ನು ಮಧ್ಯದಲ್ಲಿ ಸೇರಿಸಿಕೊಳ್ಳುತ್ತಾರೆ, ನಮ್ಮ ಇನಿಷಿಯಲ್ಲಿನಂತೆ. ಸ್ಪ್ಯಾನಿಷ್ ಜನ ತಂದೆಯದೊಂದು, ತಾಯಿಯದೊಂದು ಎಂದು ಎರಡು ಕುಲನಾಮ ಇಟ್ಟುಕೊಳ್ಳುತ್ತಾರೆ. ‘ನೂರು ವರ್ಷಗಳ ಏಕಾಂತ’ ಬರೆದ ಗಾರ್ಸಿಯಾ ಮಾರ್ಕ್ವೆಜ್‌ರಲ್ಲಿ ಗಾರ್ಸಿಯಾ ತಂದೆಯ ಕಡೆಯದು. ನಮ್ಮ ವಿಮರ್ಶೆ ಅವರನ್ನು ಬರೀ ಮಾರ್ಕ್ವೆಜ್ ಎಂದು ಕರೆದು, ಅರಿವಿಲ್ಲದೆಯೇ ತುಳುನಾಡಿನ ಅಳಿಯಸಂತಾನಕ್ಕೆ ಸೇರಿಸಿದೆ.

ಇತಿಹಾಸ ಪ್ರಮಾಣವೂ ಇರಲಿ. 1470ರ ಸುಮಾರಿಗೆ ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಹಡಗಿನಲ್ಲಿ ಒಂದು ಕುದುರೆ ಹಾಕಿಕೊಂಡು ಬಂದು, ಬಹಮನಿಗಳ ಬೀದರಿನಲ್ಲಿ ಅದನ್ನು ಮಾರಿದ. ಅವನ ಪ್ರವಾಸಕಥನದಲ್ಲಿ ರಷ್ಯನ್ನಿನ ನಡುನಡುವೆ ತುರ್ಕಿ, ಪಾರಸಿ, ಅರಬ್ಬಿ ಕಲಬೆರಕೆಯಾಗಿದೆ. ಯಾವ ಭಾಷೆ ಆರಿಸಿಕೊಳ್ಳಲಿ ಎಂದು ಅವನು ಯಾರನ್ನೂ ಕೇಳಿದಂತಿಲ್ಲ. ಕುದುರೆ ಮಾರಬೇಕಿತ್ತು, ಸಿಕ್ಕಿದ್ದನ್ನು ಕಲಿತ. ಐದು ಶತಮಾನಗಳ ಬಳಿಕ ನಾವು ಋಣ ತೀರಿಸಿದೆವು: ಉಡುಪಿ ಸೀಮೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪೂಸ್ತಿನ್ ಯಾರ್‌ನಿಂದ ಮೇಲೇರಿತು. ಸ್ಪೇನಿನಿಂದ ನಮಗೆ ಅಂಥ ಕುದುರೆ ಬಂದಿಲ್ಲ. ಆದರೆ ಸ್ಪೇನಿನವರು ಗೆದ್ದ ಅಮೆರಿಕದಿಂದ ಹೊರಟ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳು ಸಾಗರ ದಾಟಿ ನಮ್ಮ ಅಡುಗೆಮನೆಗೆ ಬಂದವು. ಮೆಣಸಿನಕಾಯಿಯನ್ನು ತಂದುಕೊಟ್ಟವರು ಪೋರ್ಚುಗೀಸರು. ಬ್ಯಾಡಗಿಯ ಮಾರುಕಟ್ಟೆಯನ್ನು ಒಂದು ಕಡೆ, ಆರ್ಯಭಟವನ್ನು ಇನ್ನೊಂದು ಕಡೆ ಇಟ್ಟು ತೂಗಿದರೆ ಸಾರಿನ ಕಡೆಯೇ ಭಾರ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಮುಂದೂಡಿದ್ದ ಪ್ರಯೋಜನಕ್ಕೆ ಬರೋಣ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಸುಮಾರು 50 ಕೋಟಿ ಜನರ ಮಾತು. ಕೆಲಸ ಕೊಡುವ ಭಾಷೆ. ಆದರೆ ಮೆಕ್ಸಿಕೊ ನಗರದ ಗ್ರಾಹಕ ಬೆಳಗ್ಗೆ ಒಂಬತ್ತಕ್ಕೆ ಫೋನು ಎತ್ತಿದರೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ಅವರ ಕಚೇರಿ ಬಾಗಿಲು ಹಾಕುವಷ್ಟರಲ್ಲಿ ನಮ್ಮ ಓಣಿಗೆ ಹಾಲು ಬಂದಿರುತ್ತದೆ. ಮಾಸ್ಕೊ ನಮಗಿಂತ ಎರಡೂವರೆ ಗಂಟೆಯಷ್ಟೇ ಹಿಂದೆ. ಅಲ್ಲಿಗೆ ಮಾತಾಡಿ ಮುಗಿಸಿ ಮನೆಯಲ್ಲೇ ಊಟ ಮಾಡಬಹುದು. ರಷ್ಯಕ್ಕೆ ಎಂಬಿಬಿಎಸ್ ಓದಲು ಹೋಗುವ ನಮ್ಮ ಮಕ್ಕಳಿಗೆ ಪಾಠ ಇಂಗ್ಲಿಷಿನಲ್ಲಿ ಸಿಗಬಹುದು, ಆದರೆ ವಾರ್ಡಿನ ಅಜ್ಜಿ ತನ್ನ ಹೊಟ್ಟೆನೋವನ್ನು ರಷ್ಯನ್ನಿನಲ್ಲೇ ಹೇಳುತ್ತಾಳೆ. ಸೋಯುಜ್ ನೌಕೆಯಲ್ಲಿ ಕೂರುವವರಿಗಂತೂ ರಷ್ಯನ್ ಬಾರದಿದ್ದರೆ ಆಗುವುದೇ ಇಲ್ಲ. 1984ರಲ್ಲಿ ರಾಕೇಶ್ ಶರ್ಮಾ ಹೋಗಿದ್ದೂ ಅದನ್ನು ಕಲಿತೇ.

ಸಿದ್ಧಾಂತ ಹೀಗಿದೆ. ಸಂಬಳ ಬೇಕಾದವರು ಸ್ಪ್ಯಾನಿಷ್ಷಿಗೆ ಸೇರತಕ್ಕದ್ದು. ಅವರಿಗೆ ಶಾಸ್ತ್ರ ಓದಲು ಪುರುಸೊತ್ತಿರುವುದಿಲ್ಲ. ಮಿಕ್ಕ ಕನ್ನಡಿಗರೆಲ್ಲರಿಗೂ ರಷ್ಯನ್ನೇ ವಿಹಿತ. ಅಮೆರಿಕದ ಪಟ್ಟಿ ತೋರಿಸಿ ಹೆದರಿಸುವವರಿಗೆ ಚತುರ್ಥಿಯನ್ನು ತೋರಿಸಿ, ಜಗ್ಗಬೇಡಿ.

ಇನ್ನು ಫಲಶ್ರುತಿ. ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರಿಗೆ ಎರಡರಲ್ಲಿ ಒಂದು ಭಾಷೆ ಬರುವುದು. ಅಕಸ್ಮಾತ್ ಬಾರದಿದ್ದರೆ, ಯಾವುದು ಬರಲಿಲ್ಲ ಎಂಬುದಾದರೂ ಖಚಿತವಾಗುವುದು. ಓದಿಯೂ ಸಂಶಯ ತೀರದವರು ತೆಲುಗು ಕಲಿಯಿರಿ, ಮುಳಬಾಗಿಲು ದಾಟಲು ವೀಸಾ ಬೇಡ. ಏನೇ ಆರಿಸಿಕೊಳ್ಳಿ, ಒಮ್ಮೆ ಕಟ್ಟಿದ ಫೀಸು ವಾಪಸ್ಸಿಲ್ಲ ಎಂಬ ಸಾಲು ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಮೊದಲು ಓದಿಕೊಂಡು ಸಹಿ ಹಾಕಿ.