ಹೆಂಡತಿ ಸಮೇತ ಬ್ಯಾಂಕಾಕ್

ಬ್ಯಾಂಕಾಕಿಗೆ ಹೋಗಿ ಬಂದೆ ಎಂದು ನಮ್ಮ ಬೀದಿಯಲ್ಲಿ ಹೇಳಿ ನೋಡಿ. ಕೇಳಿದ ಗಂಡಸರ ತುಟಿಯಂಚಿನಲ್ಲಿ ಒಂದು ನಗು ಹಾದುಹೋಗುತ್ತದೆ. 'ಹೆಂಡತಿಯೂ ಬಂದಿದ್ದಳು' ಎಂದು ಸೇರಿಸಿದರೆ ಅದೇ ನಗು ತಟ್ಟನೆ ಕನಿಕರವಾಗುತ್ತದೆ. ಕಾಂಪೌಂಡಿನ ಆಚೆ ದಾಸವಾಳಕ್ಕೆ ನೀರು ಬಿಡುತ್ತಿದ್ದ ಪಕ್ಕದ ಮನೆಯವರು ಪೈಪು ಹಿಡಿದುಕೊಂಡೇ 'ಅಯ್ಯೋ, ಮತ್ತೆ ಅಲ್ಲಿ ಮಾಡಿದ್ದೇನು?' ಅಂದರು. ಏನು ಮಾಡುವುದು? ದೇವಸ್ಥಾನ ನೋಡಿದೆವು ಅಂದೆ. ಅವರು ನಂಬಲಿಲ್ಲ.

ನಿಜ ಹೇಳುತ್ತೇನೆ, ನಡುವಯಸ್ಸು ದಾಟಿದ ಸಂಸಾರಸ್ಥರಿಗೆ ಅದಕ್ಕಿಂತ ಹೇಳಿಮಾಡಿಸಿದ ಊರು ಇನ್ನೊಂದಿಲ್ಲ. ಹೆಜ್ಜೆಗೊಂದು ಗುಡಿ, ಗುಡಿಯ ಪಕ್ಕದಲ್ಲೇ ಬಟ್ಟೆ ಅಂಗಡಿ. ಸುವರ್ಣಭೂಮಿ ವಿಮಾನ ನಿಲ್ದಾಣದೊಳಗೆ ಸುಂಕವಿಲ್ಲದ ಸೆಂಟು, ಚಾಕೊಲೇಟು ಅಂಗಡಿಗಳ ಮಧ್ಯೆ ಸಾಕ್ಷಾತ್ ಸಮುದ್ರಮಥನವೇ ನಡೆಯುತ್ತಿದೆ: ವಾಸುಕಿಯ ಒಂದು ತುದಿಗೆ ದೇವತೆಗಳು, ಇನ್ನೊಂದು ತುದಿಗೆ ಅಸುರರು, ಮೇಲೆ ವಿಷ್ಣು. ನಮ್ಮಲ್ಲಿ ಗುಡಿ ಸಿಗದೆ ಸೊರಗಿರುವ ಬ್ರಹ್ಮನಿಗಂತೂ ಅಲ್ಲಿ ರಾಜಯೋಗ. 1950ರ ದಶಕದಲ್ಲಿ ಎರವಾನ್ ಎಂಬ ಹೋಟೆಲು ಕಟ್ಟುವಾಗ ಮೇಲಿಂದ ಮೇಲೆ ಅಪಘಾತಗಳಾದವಂತೆ. ಜೋಯಿಸರ ಮಾತು ಕೇಳಿ 1956ರಲ್ಲಿ ಮೂಲೆಯಲ್ಲೊಂದು ಬ್ರಹ್ಮನ ಗುಡಿ ಕಟ್ಟಿದರು. ಈಗ ನೆತ್ತಿಯ ಮೇಲೆ ಸ್ಕೈಟ್ರೇನು ಓಡುವ ಆ ಜಾಗದಲ್ಲಿ ಹರಕೆ ತೀರಿಸುವವರ ಜಾತ್ರೆ. ದುಡ್ಡು ಕೊಟ್ಟರೆ ಕಿರೀಟ ತೊಟ್ಟ ಹೆಣ್ಣುಮಕ್ಕಳು ನಿಮ್ಮ ಪರವಾಗಿ ದೇವರ ಮುಂದೆ ಕುಣಿದು ಕೊಡುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆಗೆ, ಒಂದು ದೊಡ್ಡ ಮಾಲಿನ ಮುಂದೆ, ತ್ರಿಮೂರ್ತಿ ಗುಡಿ. ಗುರುವಾರ ರಾತ್ರಿ ಒಂಬತ್ತೂವರೆಗೆ ಅಲ್ಲಿ ಕೆಂಪು ಗುಲಾಬಿ ಇಟ್ಟು ಬೇಡಿಕೊಂಡರೆ ಪ್ರೀತಿ ಕೈಗೂಡುತ್ತದೆ ಎಂದು ಹುಡುಗ ಹುಡುಗಿಯರು ಸಾಲುಗಟ್ಟಿ ಮಂಡಿಯೂರುತ್ತಾರೆ. ನಮ್ಮವಳು ನನ್ನ ಕಡೆ ತಿರುಗಿ 'ನಿಮಗೇನಾದರೂ ಕೇಳಿಕೊಳ್ಳೋದಿದೆಯಾ?' ಅಂದಳು. ಇಂಥ ಪ್ರಶ್ನೆಗೆ ಸಂಸಾರಸ್ಥನಿಗೆ ಇರುವುದು ಒಂದೇ ಉತ್ತರ. ಅದನ್ನೇ ಕೊಟ್ಟೆ.

ಅರಮನೆಗೆ ಹೋಗುವ ದಾರಿಯಲ್ಲಿ ಒಬ್ಬ ಸಂಭಾವಿತ ಸಿಕ್ಕಿದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ನಕ್ಷೆ. 'ಇವತ್ತು ಅರಮನೆಗೆ ರಜೆ ಸಾರ್, ಪೂಜೆ ಇದೆ. ಟುಕ್‌ಟುಕ್‌ನಲ್ಲಿ ಬೇರೆ ಗುಡಿ ತೋರಿಸುತ್ತೇನೆ, ಬಾಡಿಗೆ ಬರೀ ಇಪ್ಪತ್ತು ಬಾತು' ಅಂದ. ಈ ಸವಾರಿ ಕೊನೆಗೆ ಬಂದು ನಿಲ್ಲುವುದು ಹರಳಿನ ಅಂಗಡಿಯ ಮುಂದೆ ಎಂದು ನಮ್ಮವಳು ಬೆಂಗಳೂರಿನಲ್ಲೇ ಓದಿಕೊಂಡು ಬಂದಿದ್ದಳು. ಅರಮನೆ ಬಾಗಿಲು ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ ತೆರೆದೇ ಇತ್ತು. ಟಿಕೆಟು 500 ಬಾತು. ಮೊಣಕಾಲು ಕಾಣುವ ಚಡ್ಡಿಗೆ ಪ್ರವೇಶವಿಲ್ಲ. ಅರ್ಧ ಚಡ್ಡಿಯ ಬಿಳಿಯರೆಲ್ಲ ಗೇಟಿನಲ್ಲಿ ಆನೆ ಚಿತ್ರದ ಪೈಜಾಮ ಕೊಂಡು ಒಳಗೆ ಬರುತ್ತಿದ್ದರು. ಪ್ಯಾಂಟು ತೊಟ್ಟೇ ಹೋಗಿದ್ದ ನನಗೆ ಬಹಳ ದಿನಗಳ ಮೇಲೆ ಒಂದು ಗೌರವ ಸಿಕ್ಕ ಹಾಗಾಯಿತು.

ಒಳಗೆ ಪಚ್ಚೆ ಬುದ್ಧ. ಎತ್ತರ ಬರೀ 66 ಸೆಂಟಿಮೀಟರು. ಬೇಸಗೆ, ಮಳೆ, ಚಳಿ ಎಂದು ಕಾಲಕ್ಕೊಂದು ಚಿನ್ನದ ಉಡುಗೆ. ಅದನ್ನು ಬದಲಿಸುವುದು ಸ್ವತಃ ದೊರೆಯ ಕೆಲಸ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬುದ್ಧನಲ್ಲ, ಸುತ್ತಿನ ಮೊಗಸಾಲೆಯ ಗೋಡೆಗಳು. ಅಲ್ಲಿ ಅವರ ರಾಮಾಯಣ, ರಾಮಕಿಯೆನ್, 178 ಚಿತ್ರಗಳಲ್ಲಿ ಹರಡಿದೆ. ನಮ್ಮವಳು ಶನಿವಾರದ ಒಪ್ಪೊತ್ತಿನವಳು, ಅಂಜನಾದ್ರಿಯ ಮೆಟ್ಟಿಲು ಹತ್ತಿ ಬಂದವಳು. ಬಿಳಿ ಹನುಮಂತನನ್ನು ಕಂಡಕೂಡಲೇ ಕೈಮುಗಿದಳು. ಅಷ್ಟರಲ್ಲಿ ಗೈಡು ಕತೆ ಬಿಚ್ಚಿದ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ರಾವಣನ ಮಗಳು ಬರುತ್ತಾಳೆ, ಸುವನ್ನಮಚ್ಚಾ ಎಂಬ ಮೀನುಕನ್ಯೆ. ಅವಳನ್ನು ಹಿಡಿಯಲು ನೀರಿಗಿಳಿದ ಹನುಮಂತ ಒಲಿಸಿಕೊಂಡೇ ಬಿಡುತ್ತಾನೆ. ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ಅದೊಂದೇ ಪ್ರಸಂಗವೂ ಅಲ್ಲ, ಆ ಹನುಮಂತ ದೊಡ್ಡ ರಸಿಕ. ನಮ್ಮವಳು ಮುಗಿದ ಕೈಯನ್ನು ನಿಧಾನಕ್ಕೆ ಇಳಿಸಿ, 'ಇವನು ಬೇರೆ ಯಾರೋ' ಎಂದು ತೀರ್ಪು ಕೊಟ್ಟು ಮುಂದೆ ನಡೆದಳು. ನನಗೆ ಮಾತ್ರ ಆ ಹನುಮಂತ ಹಿಡಿಸಿದ. ಹೇಳಲಿಲ್ಲ.

ಇನ್ನು ಮಸಾಜು. ಪಕ್ಕದ ಮನೆಯವರು ಕಾದಿದ್ದು ಇದಕ್ಕೇ. ಪೈಪು ಕೆಳಗಿಟ್ಟು ಕಾಂಪೌಂಡಿಗೆ ಒರಗಿದರು. ಥಾಯ್ ಮಸಾಜಿನ ತವರುಮನೆ ವಾಟ್ ಫೋ ಎಂಬ ಬೌದ್ಧ ದೇವಾಲಯ, ಸ್ವಾಮಿ. ಒಂದು ಕಡೆ 46 ಮೀಟರ್ ಉದ್ದದ ಬುದ್ಧ ಬಂಗಾರ ಹೊದ್ದು ಒರಗಿದ್ದಾನೆ. ಅವನ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿದ 108 ಮಂಗಳ ಚಿಹ್ನೆಗಳು. ಅದೇ ಆವರಣದಲ್ಲಿ ನರನಾಡಿಗಳ ಗೆರೆ ಕೊರೆದ ಹಳೆಯ ಶಿಲಾಫಲಕಗಳಿವೆ, ಮಸಾಜು ಕಲಿಸುವ ಶಾಲೆ ಇದೆ. 2019ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಸಡಿಲ ಪೈಜಾಮ ತೊಡಿಸಿ ನಮ್ಮಿಬ್ಬರನ್ನೂ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿಸಿದರು. ಎಣ್ಣೆಯಿಲ್ಲ, ಮಂದ ಬೆಳಕಿಲ್ಲ, ಸಾಲಾಗಿ ಮಲಗಿದ ಇತರ ಭಕ್ತಾದಿಗಳೂ ಇದ್ದಾರೆ. ಅಜ್ಜಿಯಂಥ ಹೆಂಗಸೊಬ್ಬಳು ನನ್ನ ತೊಡೆಯ ಮೇಲೆ ಮೊಣಕೈ ಊರಿ ಭಾರ ಬಿಟ್ಟಳು, ಬೆನ್ನಿಗೆ ಮಂಡಿ ಕೊಟ್ಟು ಭುಜ ಹಿಂದಕ್ಕೆಳೆದಳು. ನನ್ನ ಬಾಯಿಂದ ಹೊರಟ ಕೂಗಿಗೆ ಪಕ್ಕದ ಹಾಸಿಗೆಯಿಂದ ಬಂದದ್ದು ನಗು. ಆ ನಗು ಇಡೀ ಪ್ರವಾಸದಲ್ಲಿ ಅವಳು ನಕ್ಕ ಅತ್ಯುತ್ತಮ ನಗು. ಕನಿಕರಪಡುವವರು ಇದಕ್ಕೆ ಪಡಲಿ.

ಊಟದ ಚಿಂತೆ ಎಲ್ಲರೂ ಕೇಳುತ್ತಾರೆ. ಆ ದೇಶದ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ, ಉಪ್ಪಿನ ಬದಲಿಗೆ. ಹಾಗೆಂದು ಹೆದರಬೇಕಿಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡರೆ ಅದು 'ಜೇ' ಅಡುಗೆಯ ಅಂಗಡಿ. ಅಲ್ಲಿ ಮೀನು, ಮಾಂಸ, ಮೊಟ್ಟೆಯಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ನಮ್ಮತ್ತೆ ಬದುಕಿದ್ದರೆ ಅವರನ್ನೂ ನಿಶ್ಚಿಂತೆಯಿಂದ ಕರೆದೊಯ್ಯಬಹುದಿತ್ತು. ಹಾಲೂ ವರ್ಜ್ಯವಾದ್ದರಿಂದ ಕಾಫಿಗೆ ಮಾತ್ರ ಜಗಳ ತೆಗೆಯುತ್ತಿದ್ದರು. ಮಾವಿನಹಣ್ಣು, ತೆಂಗಿನಹಾಲು ಹಾಕಿದ ಅಂಟುಅನ್ನದ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೋಗಿ ತಿನ್ನಿ. ನೋಟಕ್ಕೆ ಹಲಸಿನ ದಾಯಾದಿಯಂತಿರುವ ಡುರಿಯನ್ ಹಣ್ಣನ್ನು ನಮ್ಮ ಹೋಟೆಲಿನೊಳಗೆ ತರಬಾರದೆಂದು ಬೋರ್ಡು ಹಾಕಿದ್ದರು. ವಾಸನೆ ಅಂಥದು.

ಪ್ರತುನಾಮ್ ಬಟ್ಟೆಪೇಟೆಯಲ್ಲಿ ಭಾಷೆಯೇ ಬೇಡ. ಅಂಗಡಿಯವಳು ಕ್ಯಾಲ್ಕುಲೇಟರಿನಲ್ಲಿ 450 ಒತ್ತಿ ತೋರಿಸುತ್ತಾಳೆ, ನಮ್ಮವಳು 150 ಒತ್ತಿ ಹಿಂದಿರುಗಿಸುತ್ತಾಳೆ. ಇಬ್ಬರೂ ನಗುತ್ತಾರೆ. ನಾನು ಚೀಲ ಹಿಡಿಯುತ್ತೇನೆ.

ಅಲ್ಲಿಂದ ದಕ್ಷಿಣಕ್ಕೆ, ಕ್ರಾಬಿ ಎಂಬ ಕಡಲೂರಿಗೆ ಹೋದೆವು. 'ಅದಕ್ಕೆ ಅಷ್ಟು ದೂರ ಯಾಕ್ರೀ, ಮಲ್ಪೆ ಇರಲಿಲ್ಲವೇ?' ಎಂದರು ಪಕ್ಕದ ಮನೆಯವರು. ನ್ಯಾಯವಾದ ಪ್ರಶ್ನೆ. ಮರಳು ಮರಳೇ, ಉಪ್ಪು ಉಪ್ಪೇ. ಆದರೆ ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿವೆ, ಬುಡವನ್ನು ಅಲೆ ಕೊರೆದಿದೆ, ನೆತ್ತಿಯ ಮೇಲೆ ಕಾಡು ಬೆಳೆದಿದೆ. ರೈಲೇ ಎಂಬ ತೀರ ಮುಖ್ಯಭೂಮಿಯಲ್ಲೇ ಇದ್ದರೂ ಈ ಗುಡ್ಡಗಳು ಅಡ್ಡ ನಿಂತಿರುವುದರಿಂದ ರಸ್ತೆಯಿಲ್ಲ, ದೋಣಿಯೇ ಗತಿ. ದೋಣಿಗೆ ವಾಹನದ ಎಂಜಿನು. ಅದರಿಂದ ಹೊರಟ ಉದ್ದ ಕಬ್ಬಿಣದ ದಂಡದ ತುದಿಯಲ್ಲಿ ನೀರು ಕಡೆಯುವ ರೆಕ್ಕೆ. ಮೂತಿಗೆ ಬಣ್ಣದ ಬಟ್ಟೆ, ಹೂವಿನ ಹಾರ: ದೋಣಿಯ ತಾಯಿ ಮೇ ಯಾ ನಾಂಗ್‌ಗೆ ಸಲ್ಲುವ ಪೂಜೆ. ಜನ ತುಂಬುವವರೆಗೆ ಹೊರಡುವುದಿಲ್ಲ, ನಮ್ಮ ಹಳ್ಳಿ ಕಡೆಯ ಟೆಂಪೊ ಹಾಗೆ. ನಾವು ಹತ್ತಿದಲ್ಲಿ ದಕ್ಕೆ ಇಲ್ಲ, ಮೊಣಕಾಲುದ್ದ ನೀರಿನಲ್ಲಿ ನಡೆದೇ ಹತ್ತಬೇಕು. ಚೂಡಿದಾರ್ ಎತ್ತಿ ಹಿಡಿದು ನಮ್ಮವಳು ಮೊದಲು ಹತ್ತಿ, ಆಮೇಲೆ ನನಗೆ ಕೈ ಕೊಟ್ಟಳು.

ರೈಲೇ ಪಕ್ಕದ ಫ್ರಾ ನಾಂಗ್ ತೀರದಲ್ಲೊಂದು ಗವಿ. ಕಡಲಲ್ಲಿ ತೀರಿಹೋದ ರಾಜಕುಮಾರಿಯೊಬ್ಬಳು ಅಲ್ಲಿ ನೆಲೆಸಿದ್ದಾಳಂತೆ. ಮೀನು ಚೆನ್ನಾಗಿ ಸಿಗಲಿ ಎಂದು ಬೆಸ್ತರು ಅವಳಿಗೆ ಮರದ ಲಿಂಗಗಳನ್ನು ಒಪ್ಪಿಸುತ್ತಾರೆ. ನಮ್ಮ ಶಿವಲಿಂಗದಷ್ಟು ಮುಚ್ಚುಮರೆಯ ಆಕಾರದವಲ್ಲ. ಉದ್ದುದ್ದಕ್ಕೆ, ಕೆಂಪು ಬಣ್ಣ ಬಳಿದು, ರಾಶಿ ರಾಶಿ. ಹುಡುಗರು ಕಿಸಕ್ಕೆಂದು ಫೋಟೊ ತೆಗೆಯುತ್ತಿದ್ದರು. ನಮ್ಮವಳು ರಾಜಕುಮಾರಿಗೆ ಕೈಮುಗಿದಳು. ಹನುಮಂತನಿಗೆ ಸಿಗದ ಮಾಫಿ ಇವಳಿಗೆ ಸಿಕ್ಕಿತು. ಈಜು ನಮ್ಮಿಬ್ಬರಿಗೂ ಬಾರದು. ಸೊಂಟದುದ್ದ ನೀರಿನಲ್ಲಿ ಕೂತು ಮಕ್ಕಳ ವಿಷಯ, ಮನೆಯ ಸೋರುವ ತಾರಸಿಯ ವಿಷಯ ಮಾತಾಡಿದೆವು. ಚಳಿಗಾಲದ ಆ ಕಡಲು ಮಾತಿಗೆ ಅಡ್ಡ ಬರುವುದಿಲ್ಲ.

ನನಗೆ ಅಸೂಯೆ ಹುಟ್ಟಿಸಿದ್ದು ಮಾತ್ರ ಪೀಪೀ ದ್ವೀಪಗಳ ಮಾಯಾ ಕೊಲ್ಲಿ. 2000ದಲ್ಲಿ ಬಂದ ಹಾಲಿವುಡ್ಡಿನ 'ದ ಬೀಚ್' ಸಿನಿಮಾದಿಂದ ಅದು ಜಗತ್ಪ್ರಸಿದ್ಧವಾಯಿತು. ದಿನಕ್ಕೆ ಸುಮಾರು 5,000 ಜನ ಬಂದು ತುಳಿದು, ದೋಣಿಯ ಲಂಗರುಗಳು ಹವಳವನ್ನು ಪುಡಿಗಟ್ಟಿದವು. ಪ್ರವಾಸಿಗರ ದುಡ್ಡನ್ನೇ ನೆಚ್ಚಿದ ದೇಶ 2018ರ ಜೂನಿನಲ್ಲಿ ಅದನ್ನು ಮುಚ್ಚಿತು. ತೆರೆದದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಹವಳ ನೆಟ್ಟರು, ರೆಕ್ಕೆಯ ತುದಿ ಕಪ್ಪಾಗಿರುವ ಪುಟ್ಟ ಶಾರ್ಕುಗಳು ತಾವಾಗಿ ಮರಳಿದವು. ಈಗ ದೋಣಿ ದ್ವೀಪದ ಹಿಂಬದಿಗೆ ನಿಲ್ಲಬೇಕು, ಹಲಗೆ ಹಾದಿಯಲ್ಲಿ ನಡೆದು ಬರಬೇಕು, ಈಜುವಂತಿಲ್ಲ. ಕಾವಲುಗಾರ ಪೀಪಿ ಊದುತ್ತಾನೆ, ಎಲ್ಲರೂ ಕೇಳುತ್ತಾರೆ. ನಮ್ಮ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ನಿಜ. ಆದರೆ ಅದು ಕಡಲಿನ ಅಬ್ಬರಕ್ಕೆ ಹೆದರಿ. ಹವಳಕ್ಕಾಗಿ ಗಲ್ಲಾಪೆಟ್ಟಿಗೆ ಮುಚ್ಚುವುದು ಬೇರೆಯೇ ಗಂಡೆದೆ.

ಪಕ್ಕದ ಮನೆಯವರ ಹೆಂಡತಿ ಇಷ್ಟನ್ನೂ ಅಡುಗೆಮನೆ ಕಿಟಕಿಯಿಂದ ಕೇಳಿಸಿಕೊಂಡು, 'ಹಾಗಾದರೆ ನಾವು ಯಾವಾಗ ಹೋಗೋದು?' ಅಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನವೆಂಬರಿನಿಂದ ಏಪ್ರಿಲ್ ಒಳಗೆ ಹೋಗಿ. ಮೇ ತಿಂಗಳಿಂದ ಅಂಡಮಾನ್ ಕಡಲಿನ ಆ ದಡಕ್ಕೂ ನೈಋತ್ಯ ಮಾರುತವೇ ಬಡಿಯುತ್ತದೆ. ಮಾಯಾ ಕೊಲ್ಲಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಪ್ರತಿವರ್ಷ ರಜೆ. ಉದ್ದ ಪ್ಯಾಂಟು ಒಂದಿರಲಿ, ಚಟ್ನಿಪುಡಿ ಸ್ವಲ್ಪ ಜಾಸ್ತಿಯೇ ಇರಲಿ.