ಒಂಟಿ ಕಾಲಿನ ಮೇಜು

ಮಲಗಿದವನ ಕಾಫಿ ಲೋಟ ಎಲ್ಲಿರಬೇಕು? ಮಂಚ ಯಾವ ಮೂಲೆಗಿರಬೇಕು, ತಲೆ ಯಾವ ದಿಕ್ಕಿಗಿರಬೇಕು ಎಂದು ಗಂಟೆಗಟ್ಟಲೆ ಹೇಳುವ ನಮ್ಮ ವಾಸ್ತು ಪಂಡಿತರು ಈ ಪ್ರಶ್ನೆ ಬಂದರೆ ಗಡ್ಡ ಕೆರೆದುಕೊಳ್ಳುತ್ತಾರೆ. ಪಕ್ಕದ ಸ್ಟೂಲಿನ ಮೇಲಿಟ್ಟರೆ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಸೊಂಟ ತಿರುಗಿಸಿದರೆ ಎಟುಕೀತು, ನಿಜ. ಆದರೆ ಸೊಂಟ ತಿರುಗುವಂತಿದ್ದರೆ ನಾನು ಹಗಲು ಹೊತ್ತಿನಲ್ಲಿ ಯಾಕೆ ಮಲಗಿರುತ್ತಿದ್ದೆ? ಮಳೆಗಾಲದ ಪಾಚಿ ನನ್ನನ್ನು ಗೇಟಿನ ಮುಂದೆಯೇ ಕೆಡವಿತ್ತು. ಎದುರು ಮನೆಯವರೆಲ್ಲ ವರಾಂಡದಲ್ಲಿ ಕೂತು ಕಣ್ಣಾರೆ ನೋಡಿದ್ದರಿಂದ ಸಾಹಸದ ಕಥೆ ಕಟ್ಟಲೂ ಜಾಗವಿರಲಿಲ್ಲ. ಸೊಂಟದ ಎಲುಬಿನಲ್ಲಿ ಬಿರುಕು, ಆಪರೇಷನ್ ಬೇಡ, ಹಾಸಿಗೆ ಬಿಟ್ಟು ಏಳಬೇಡಿ ಅಂದರು ಡಾಕ್ಟರು. ಜೀವಮಾನವಿಡೀ ಇಂಥ ಅಪ್ಪಣೆಗಾಗಿ ಕಾದಿದ್ದವನಿಗೆ ಅದರ ನಿಜ ಸ್ವರೂಪ ಮರುದಿನವೇ ತಿಳಿಯಿತು.

ಕನ್ನಡಕ ಕೊಡು, ನೀರು ಕೊಡು, ಪೇಪರು ಬಿತ್ತು, ಪೆನ್ನು ಉರುಳಿಹೋಯಿತು. ಹೆಂಡತಿಯ ‘ಬಂದೇರೀ’ ಎನ್ನುವುದು ನಿಧಾನವಾಗಿ ‘ಈಗೇನ್ರೀ?’ ಆಯಿತು. ಕೊನೆಗೆ ಫಿಸಿಯೋಥೆರಪಿ ಹುಡುಗಿ, ‘ಆಸ್ಪತ್ರೆಯಲ್ಲಿ ಇರತ್ತಲ್ಲಾ ಸಾರ್, ಮಂಚದ ಮೇಲೆ ಬರೋ ಟೇಬಲ್ಲು, ಬಾಡಿಗೆಗೆ ಸಿಗತ್ತೆ’ ಅಂದಳು. ವಾಕರು, ಗಾಲಿ ಕುರ್ಚಿ, ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಕೊಡುವ ಅಂಗಡಿಯಿಂದ ಅದು ಗೂಡ್ಸ್ ಆಟೋದಲ್ಲಿ ಬಂದಿಳಿಯಿತು. ಕೆರೆಯಲ್ಲಿ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯಂಥ ಮೇಜು. ಒಂದೇ ಪಕ್ಕಕ್ಕೆ ಕಂಬ, ಕಂಬದ ಬುಡದಲ್ಲಿ ಚಕ್ರವಿರುವ ಚಪ್ಪಟೆ ಪಾದ. ಪಾದ ಮಂಚದಡಿಗೆ ನುಸುಳಬೇಕು, ಹಲಗೆ ನಮ್ಮ ಎದೆಯ ಮುಂದೆ ಬಂದು ನಿಲ್ಲಬೇಕು. ತಿರುಪು ಸಡಿಲಿಸಿದರೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ.

ನುಸುಳಬೇಕು ಅಂದೆನಲ್ಲ, ನುಸುಳಲಿಲ್ಲ. ನಮ್ಮದು ಈ ಕಾಲದ ಬಾಕ್ಸ್ ಮಂಚ. ಅದರ ಹೊಟ್ಟೆಯಲ್ಲಿ ಕಂಬಳಿ, ರಜಾಯಿ, ಮದುವೆಗೆ ಉಡುಗೊರೆ ಬಂದು ಇನ್ನೂ ಬಿಚ್ಚದ ಸ್ಟೀಲ್ ಪಾತ್ರೆಗಳೆಲ್ಲ ಇವೆ. ನೆಲಕ್ಕೂ ಮಂಚಕ್ಕೂ ನಡುವೆ ಇರುವೆ ಹೋಗಲೂ ಸಂದಿಯಿಲ್ಲ. ಅಂಗಡಿ ಹುಡುಗ ಎರಡು ಸಲ ದೂಡಿ ನೋಡಿ, ‘ಮಂಚ ಚೇಂಜ್ ಮಾಡ್ಬೇಕು ಸಾರ್’ ಎಂದು ತೀರ್ಪಿತ್ತ. ಮೇಜಿಗಾಗಿ ಮಂಚ ಬದಲಾಯಿತು. ಹಿತ್ತಲ ಕೋಣೆಯಲ್ಲಿ ಹಳೇ ಪೇಪರು ಹೊತ್ತು ಕೂತಿದ್ದ ಅಜ್ಜಿಯ ಕಾಲದ ಎತ್ತರದ ಮಂಚ ಹೊರಬಂತು, ನನ್ನನ್ನು ನಾಲ್ಕು ಜನ ಅದಕ್ಕೆ ಸಾಗಿಸಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಮಗು ಯಾಕೋ ಅಳಲು ಶುರುಮಾಡಿತು.

ಇಷ್ಟೆಲ್ಲ ಆದಮೇಲೆ ಅಮ್ಮನ ನ್ಯಾಯಾಲಯ. ಹಾಸಿಗೆಯ ಮೇಲೆ ಅನ್ನದ ತಟ್ಟೆ ಇಡುವುದು ನಮ್ಮ ಮನೆಯಲ್ಲಿ ಕೊಲೆಗಿಂತ ಒಂದು ಮೆಟ್ಟಿಲಷ್ಟೇ ಕೆಳಗಿನ ಅಪರಾಧ. ಮುಸುರೆ ತಗುಲಿದ ಹಾಸಿಗೆಯನ್ನು ದಿನಾ ಒಗೆಯುವವರು ಯಾರು? ಅದುವರೆಗೆ ನನ್ನ ಎದೆಯ ಮೇಲೆ ಟವೆಲ್ ಹಾಸಿ, ಗಂಜಿಯನ್ನು ಚಮಚದಲ್ಲಿ ಕೊಟ್ಟು, ತಾನು ಕಿಟಕಿಯ ಕಡೆ ನೋಡುತ್ತಿದ್ದಳು. ಈಗ ಮೇಜನ್ನು ಸುತ್ತ ತಿರುಗಿ ನೋಡಿದಳು, ಬಗ್ಗಿ ಪಾದ ನೋಡಿದಳು. ‘ಕಾಲು ನೆಲದ ಮೇಲಿದೆ ತಾನೆ? ಹಾಗಾದ್ರೆ ತಟ್ಟೆ ಮಂಚದ ಮೇಲಿಲ್ಲ, ಮಂಚದ ಮೇಲ್ಗಡೆ ಇದೆ. ಅಡ್ಡಿಯಿಲ್ಲ.’ ಸುಪ್ರೀಂ ಕೋರ್ಟಿನಲ್ಲೂ ಇಷ್ಟು ಸೂಕ್ಷ್ಮವಾದ ವಿವೇಚನೆ ಅಪರೂಪ. ಆ ಮಧ್ಯಾಹ್ನ ಬೆನ್ನಿಗೆ ದಿಂಬುಗಳ ಆಸರೆ ಕೊಟ್ಟುಕೊಂಡು, ನನ್ನ ಕೈಯಿಂದ ನಾನೇ ಹುಳಿಯನ್ನ ಕಲಸಿ ತಿಂದೆ. ಮಲಗಿಕೊಂಡೇ ನುಂಗಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಭಯವಿದೆ, ಉಂಡ ಮೇಲೂ ಅರ್ಧ ಗಂಟೆ ಒರಗಿಯೇ ಇರಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನನಗೆ ಮುಖ್ಯವಾದದ್ದು ಅದಲ್ಲ. ಸಾರು ಎಷ್ಟು, ಹಪ್ಪಳ ಯಾವಾಗ ಮುರಿಯಬೇಕು ಎನ್ನುವುದು ಮತ್ತೆ ನನ್ನ ಅಧಿಕಾರಕ್ಕೆ ಬಂತು.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಹಿರಿಯರೊಬ್ಬರು ಇಂಥದ್ದೇ ಮೇಜಿನ ಮೇಲೆ ದಿಂಬಿಟ್ಟು ಅದನ್ನೇ ತಬ್ಬಿಕೊಂಡು ರಾತ್ರಿ ಕಳೆಯುತ್ತಿದ್ದರು. ಉಬ್ಬಸದವರಿಗೆ ಮುಂದಕ್ಕೆ ಬಾಗಿ ತೋಳು ಊರಿದರೆ ಉಸಿರಾಟ ಹಗುರ. ನಾನೋ ಅದನ್ನು ಬರೀ ಊಟದ ಮೇಜು ಅಂದುಕೊಂಡಿದ್ದೆ.

ದೊಡ್ಡವರ ದಾರಿಯೇ ಬೇರೆ. ಚರ್ಚಿಲ್ ಯಾವ ಕಾಯಿಲೆಯೂ ಇಲ್ಲದೆ ಬೆಳಗಿನ ಹೊತ್ತನ್ನು ಹಾಸಿಗೆಯಲ್ಲೇ ಕೆಲಸಮಾಡುತ್ತ ಕಳೆಯುತ್ತಿದ್ದರು. ಅವರ ಹಾಸಿಗೆ ಮೇಜಿನಲ್ಲಿ ಹೊಟ್ಟೆಗೆಂದೇ ಅರ್ಧಚಂದ್ರಾಕಾರದ ಕಚ್ಚು ಕೊರೆಸಿತ್ತು. ಮೆಕ್ಸಿಕೋದ ಫ್ರೀಡಾ ಕಾಹ್ಲೋ 1925ರಲ್ಲಿ ಬಸ್ ಅಪಘಾತದಲ್ಲಿ ನುಜ್ಜುಗುಜ್ಜಾಗಿ ಮಲಗಿದಾಗ ಆಕೆಗೆ 18 ವರ್ಷ. ಮಲಗಿದಲ್ಲೇ ಬರೆಯಲು ತಾಯಿ ವಿಶೇಷ ಚಿತ್ರಹಲಗೆ ಮಾಡಿಸಿಕೊಟ್ಟರು, ಮಂಚದ ಮೇಲ್ಕಟ್ಟಿಗೆ ಕನ್ನಡಿ ಹಾಕಿಸಿದರು, ಜಗತ್ತಿಗೆ ಒಬ್ಬ ಕಲಾವಿದೆ ಸಿಕ್ಕಳು. ನಾನು ನನ್ನ ಮೇಜಿನ ಮೇಲೆ ಪದಬಂಧ ಬಿಡಿಸಿದೆ. ಅದೂ ಎಡದಿಂದ ಬಲಕ್ಕೆ ಮಾತ್ರ.

ನೋಡಲು ಬಂದವರಿಗೆ ಈ ಮೇಜು ಕಂಡರೆ ಮೊಣಕೈ ಊರುವ ಚಪಲ. ಕಂಬವಿಲ್ಲದ ತುದಿಗೆ ಭಾರ ಬಿದ್ದರೆ ಹಲಗೆ ವಾಲುತ್ತದೆ. ಹಾಗೆ ವಾಲಿ, ನನ್ನ ಷಡ್ಡಕ ತಂದ ಸೇಬುಗಳು ನನ್ನ ಮೇಲೇ ಉರುಳಿದವು. ಇನ್ನು ಅದನ್ನು ಹಿಡಿದು ಏಳಹೋದರಂತೂ ಮುಗಿಯಿತು, ಚಕ್ರದ ಬೀಗ ಹಾಕಿರದಿದ್ದರೆ ಮೇಜು ಒಂದು ಕಡೆ, ನಾವೊಂದು ಕಡೆ.

ನಾನು ವಾಕರ್ ಹಿಡಿದು ಹಜಾರದವರೆಗೆ ಬಂದಮೇಲೆ ಅಂಗಡಿ ಹುಡುಗ ಮೇಜು ಒಯ್ಯಲು ಬಂದ. ಅಷ್ಟರಲ್ಲಿ ಅಮ್ಮ ಮಂಚದ ಅಂಚಿಗೆ ಕೂತು, ಮೇಜನ್ನು ತನ್ನೆತ್ತರಕ್ಕೆ ಇಳಿಸಿಕೊಂಡು, ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದಳು. ನೆಲದ ಮೇಲೆ ಕೂತರೆ ಮಂಡಿ ಹಿಡಿಯುತ್ತದಂತೆ. ‘ಅಲ್ಲಮ್ಮಾ, ಇಷ್ಟು ದಿನ ಅದರ ಮೇಲೆ ಅನ್ನ ಸಾರು ಉಂಡಿದ್ದೀನಲ್ಲ, ಮುಸುರೆ?’ ಅಂದೆ.

‘ಸನ್‌ಮೈಕಾಕ್ಕೆ ಮುಸುರೆ ಅಂಟಲ್ಲ ಕಣೋ’ ಎಂದು, ತಲೆಯೆತ್ತದೆ ಹುಡುಗನಿಗೆ ಹೇಳಿದಳು: ‘ಬರೋ ತಿಂಗಳ ಬಾಡಿಗೆ ಇವನ ಹತ್ರ ಇಸ್ಕೊಂಡು ಹೋಗಪ್ಪ.’