ಟೀಚರಮ್ಮನ ಮೊಮ್ಮಗನ ಜುಟ್ಟು

ಕೂದಲಿನ ವಿಷಯ ಮಾತಾಡೋಕೆ ನನಗೆ ಯಾವ ಹಕ್ಕೂ ಇಲ್ಲ ಅನ್ನುವುದು ನಮ್ಮ ಮನೆಯವಳ ತೀರ್ಪು. ಸರಿಯೇ. ನನ್ನ ನೆತ್ತಿ ದುರ್ಗದ ಕೋಟೆಯ ಬಂಡೆಯ ಹಾಗೆ, ಎಷ್ಟು ಮಳೆ ಬಿದ್ದರೂ ಏನೂ ಚಿಗುರುವುದಿಲ್ಲ. ಆದರೆ ಕಾಂಪೌಂಡಿನ ಆಚೆಯಿಂದ ಟೀಚರಮ್ಮ "ಏನಪ್ಪಾ, ಕಾಫಿ ಆಯ್ತಾ?" ಅಂದರೆ ಮುಗಿಯಿತು. ವಿಷಯ ಅವರದು, ತಲೆ ಆಡಿಸುವುದಷ್ಟೇ ನನ್ನದು. ಈಚೆಗೆ ಅವರ ಬಾಯಲ್ಲಿ ಒಂದೇ ವಿಷಯ. ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದು, ಅಜ್ಜಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಿರುವ ಮೊಮ್ಮಗನ ಕೂದಲು.

ಬಿಟ್ಟರೆ ಭುಜ ದಾಟುತ್ತದೆ, ಕಟ್ಟಿದರೆ ಹಿಂದಲೆಯಲ್ಲೊಂದು ಗಂಟು. ಅದಕ್ಕೆ ಬೇಕಾದ ರಬ್ಬರ್ ಬ್ಯಾಂಡು ಟೀಚರಮ್ಮ ಸಾಂಬಾರ್ ಪುಡಿ ಪ್ಯಾಕೆಟ್ಟಿನ ಬಾಯಿಗೆ ಸುತ್ತಿಟ್ಟಿದ್ದು. ಬೆಳಗ್ಗೆ ಪ್ಯಾಕೆಟ್ಟು ಬಾಯಿ ಬಿಟ್ಟುಕೊಂಡು ಮಲಗಿರುತ್ತದೆ, ಹುಡುಗನ ತಲೆ ಭದ್ರವಾಗಿ ಕಟ್ಟಿರುತ್ತದೆ.

"ಅದೂ ಹೋಗಲಿ ಕಣಪ್ಪಾ, ಬಚ್ಚಲ ತೂತಿಗೆ ಕಡ್ಡಿ ಹಾಕಿ ಎಳೆದರೆ ಇಷ್ಟುದ್ದ ಬರ್ತದೆ," ಅಂತ ಮೊಳಕೈವರೆಗೆ ತೋರಿಸಿದರು. "ಮನೇಲಿ ಹೆಂಗಸು ಅಂತ ಇರೋಳು ನಾನೊಬ್ಬಳು. ನನ್ನದು ಪೂರ್ತಿ ಬಿಳಿ. ಇದು ಕಪ್ಪು. ನೋಡಿದವರು ಏನಂದುಕೊಳ್ಳಬೇಕು?"

ಬಚ್ಚಲ ತೂತನ್ನು ಬೇರೆ ಯಾರು ನೋಡುತ್ತಾರೆ ಅಂತ ನಾನು ಕೇಳಲಿಲ್ಲ. ಟೀಚರಮ್ಮನ ನಿಜವಾದ ಸಂಕಟ ಬಚ್ಚಲದ್ದಲ್ಲ, ಭಾನುವಾರದ್ದು. ಹುಡುಗ ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಗಿಟಾರ್ ಬಾರಿಸುತ್ತಾನೆ. ಆರಾಧನೆ ಮುಗಿಯುವ ತನಕ ಹಿಂದಿನ ಬೆಂಚಿನ ಹೆಂಗಸರ ಕಣ್ಣು ಅವನ ಗಂಟಿನ ಮೇಲೆ, ಇವರ ಕಣ್ಣು ಆ ಹೆಂಗಸರ ಮೇಲೆ. ಹಾಡು ಯಾವುದು ಬಂತು, ಹೋಯಿತು, ಇಬ್ಬರಿಗೂ ಗೊತ್ತಿಲ್ಲ.

ಅವರ ಕೈಯಲ್ಲಿ ಆಧಾರವೂ ಇದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, ಹನ್ನೊಂದನೇ ಅಧ್ಯಾಯ. ಗಂಡಸು ಕೂದಲು ಬೆಳೆಸಿದರೆ ಅವನಿಗೇ ಅವಮಾನ, ಇದನ್ನು ಪ್ರಕೃತಿಯೇ ಕಲಿಸುವುದಿಲ್ಲವೇ ಅಂತ ಪೌಲ ಕೇಳುತ್ತಾನಂತೆ. ಪ್ರಕೃತಿ ನನ್ನೊಬ್ಬನಿಗೆ ಮಾತ್ರ ಸರಿಯಾಗಿ ಕಲಿಸಿದೆ ಅಂದೆ. ಅವರು ನಗಲಿಲ್ಲ. ಬೋಳುತಲೆಯನ್ನು ಹಗುರವಾಗಿ ತಗೋಬೇಡ, ಎಲೀಷ ಪ್ರವಾದಿಗೆ ಬೋಳುತಲೆಯವನೇ ಅಂತ ಅಣಕಿಸಿದ 42 ಮಕ್ಕಳನ್ನು ಕರಡಿಗಳು ಸೀಳಿಹಾಕಿದವು, ಎರಡನೇ ಅರಸುಗಳು ಪುಸ್ತಕದಲ್ಲಿದೆ ಅಂದರು. ಅಂದಿನಿಂದ ನಮ್ಮ ಬೀದಿಯ ಹುಡುಗರ ಬಗ್ಗೆ ನನಗೆ ಸ್ವಲ್ಪ ಕನಿಕರ.

ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿಬಿಟ್ಟೆ. "ನಿಮ್ಮ ಹಾಲಿನಲ್ಲಿ ಫೋಟೋ ಇದೆಯಲ್ಲ ಟೀಚರಮ್ಮ, ಯೇಸುಸ್ವಾಮಿಯದು. ಅವರಿಗೂ ಭುಜದವರೆಗೆ ಇದೆಯಲ್ಲ?"

ಉತ್ತರ ಬಂದದ್ದು ವರಾಂಡದಲ್ಲಿ ಕೂತಿದ್ದ ಮೊಮ್ಮಗನಿಂದ. ಅವನು ಪ್ರಾಮಾಣಿಕ ಹುಡುಗ, ತನ್ನ ಪಕ್ಷಕ್ಕೇ ಏಟು ಕೊಟ್ಟುಕೊಂಡ. ಆ ಚಿತ್ರ ಷಿಕಾಗೋದ ವಾರ್ನರ್ ಸಾಲ್‌ಮನ್ ಅನ್ನುವ ಕಲಾವಿದ 1940ರಲ್ಲಿ ಬರೆದದ್ದಂತೆ, 50 ಕೋಟಿಗೂ ಮೇಲೆ ಪ್ರತಿ ಅಚ್ಚಾಗಿ ಲೋಕವೆಲ್ಲ ಹಂಚಿಹೋಗಿದೆಯಂತೆ. ಯೇಸುವಿನ ತೀರಾ ಹಳೆಯ ಚಿತ್ರಗಳಲ್ಲಿ ಒಂದು ಸಿರಿಯಾದ ದೂರಾ ಯೂರೋಪಸ್ ಎಂಬ ಹಾಳೂರಿನ ಗೋಡೆಯ ಮೇಲೆ ಸಿಕ್ಕಿದ್ದು, ಸುಮಾರು ಕ್ರಿ.ಶ. 235ರದು. ಅದರಲ್ಲಿ ಯೇಸುವಿಗೆ ಗಡ್ಡವೇ ಇಲ್ಲ, ಕೂದಲೂ ಗಿಡ್ಡ. ಉದ್ದ ಕೂದಲು, ಗಡ್ಡದ ರೂಪ ನಾಲ್ಕನೇ ಶತಮಾನದಿಂದ ಈಚೆಗೆ ಬಲವಾಗಿ ಬಂತು, ಗ್ರೀಕರ ಜ್ಯೂಸ್ ದೇವರ ಮೂರ್ತಿಗಳ ನೆರಳಿನಲ್ಲಿ. ಯೇಸುವನ್ನು ಜ್ಯೂಸ್ ಹಾಗೆ ಬರೆದ ಒಬ್ಬ ಚಿತ್ರಗಾರನ ಕೈ ಒಣಗಿಹೋಯಿತು ಅಂತ ಆ ಕಾಲದವರು ಕಥೆಯನ್ನೂ ಕಟ್ಟಿದ್ದರು.

"ಕೇಳಿದ್ಯೇನಪ್ಪಾ! ಸ್ವಾಮಿ ಕಟಿಂಗ್ ಮಾಡಿಸಿದ್ದ!" ಟೀಚರಮ್ಮನಿಗೆ ಹಿಡಿಸಲಾರದ ಖುಷಿ. ಆದರೂ ಹಾಲಿನ ಫೋಟೋ ಇಳಿಸುವ ಮಾತು ಅವರ ಬಾಯಿಂದ ಬರಲಿಲ್ಲ.

ಸತ್ಯವೇದದಲ್ಲಿ ಕೂದಲಿನ ಲೆಕ್ಕ ಅಷ್ಟು ಸಲೀಸಲ್ಲ ಅನ್ನುವುದು ಅವರಿಗೂ ಗೊತ್ತು, ಸಂಡೇ ಸ್ಕೂಲ್ ನಡೆಸಿದವರು. ಅರಣ್ಯಕಾಂಡದ ಆರನೇ ಅಧ್ಯಾಯದಲ್ಲಿ ನಾಜೀರರ ಹರಕೆ ಬರುತ್ತದೆ. ದೇವರಿಗೆ ಹರಕೆ ಹೊತ್ತವನು ಅವಧಿ ಮುಗಿಯುವ ತನಕ ತಲೆಗೆ ಕತ್ತಿ ಸೋಕಿಸಬಾರದು, ಆಮೇಲೆ ಬೋಳಿಸಿ ಆ ಕೂದಲನ್ನು ಬೆಂಕಿಗೆ ಹಾಕಬೇಕು. ಸಂಸೋನನ ಬಲವೆಲ್ಲ ಕೂದಲಲ್ಲೇ ಇತ್ತು. ಸ್ವತಃ ಪೌಲನೇ ಒಂದು ಹರಕೆ ತೀರಿಸಲು ಕೆಂಖ್ರೆ ಎಂಬ ರೇವಿನಲ್ಲಿ ತಲೆ ಬೋಳಿಸಿಕೊಂಡ, ಅಪೊಸ್ತಲರ ಕೃತ್ಯಗಳಲ್ಲಿದೆ. ಅಂದರೆ ಬೋಳಿಸುವ ಮುಂಚೆ ಬೆಳೆದಿತ್ತು ತಾನೇ? ಇನ್ನು ದಾವೀದನ ಮಗ ಅಬ್ಷಾಲೋಮ. ವರ್ಷಕ್ಕೊಮ್ಮೆ ಕತ್ತರಿಸಿದಾಗ ಕೂದಲು ಇನ್ನೂರು ಶೆಕೆಲ್ ತೂಗುತ್ತಿತ್ತು, ನಮ್ಮ ಲೆಕ್ಕದಲ್ಲಿ ಎರಡು ಕೇಜಿಗೂ ಜಾಸ್ತಿ. ಕಡೆಗೆ ಹೇಸರಗತ್ತೆಯ ಮೇಲೆ ಓಡುವಾಗ ಮರಕ್ಕೆ ಸಿಕ್ಕಿಹಾಕಿಕೊಂಡು ಸತ್ತ. ಮೂಲದಲ್ಲಿ ಸಿಕ್ಕಿಕೊಂಡದ್ದು ತಲೆ ಅಂತಿದೆ. ಕೂದಲು ಅಂತ ಸೇರಿಸಿ ಮಕ್ಕಳನ್ನು ಹೆದರಿಸಿದ್ದು ಸಂಡೇ ಸ್ಕೂಲಿನ ಟೀಚರಮ್ಮಂದಿರು.

ಹರಕೆ, ಮುಡಿ ಅಂದರೆ ನಮಗೇನು ಹೊಸದಲ್ಲ. ಜವಳ ತೆಗೆಸದ ಮನೆ ಈ ಜಿಲ್ಲೆಯಲ್ಲಿ ಹುಡುಕಬೇಕು. ರೋಮನ್ ಕ್ಯಾಥೊಲಿಕ್ಕರು ವೇಳಾಂಗಣ್ಣಿಗೆ ಹೋಗಿ ತಲೆ ಬೋಳಿಸಿಕೊಂಡು ಗಂಧ ಹಚ್ಚಿಕೊಂಡು ಬರುತ್ತಾರೆ. ಟೀಚರಮ್ಮ ಸಿಎಸ್‌ಐನವರು, ಅದನ್ನು ನೋಡಿ ತುಟಿ ಓರೆ ಮಾಡುತ್ತಾರೆ. ಹಿರಿಯೂರಿನಲ್ಲಿರುವ ಅವರ ತಂಗಿ ಪೆಂತೆಕೋಸ್ತ್ ಪ್ರಾರ್ಥನಾಲಯಕ್ಕೆ ಹೋಗುವವರು. ಅಲ್ಲಿ ಗಂಡಸರ ಕೂದಲು ಕಿವಿಗೆ ತಾಗುವಂತಿಲ್ಲ, ಹೆಂಗಸರ ಕಿವಿಯಲ್ಲಿ ಓಲೆ ಇರುವಂತಿಲ್ಲ. ಆ ತಂಗಿ ಟೀಚರಮ್ಮನನ್ನು ನೋಡಿ ತುಟಿ ಓರೆ ಮಾಡುತ್ತಾರೆ.

ನನಗೆ ಹಿಡಿಸಿದ್ದು ಅವರ ಮನೆಯ ಹಳೇ ಕಥೆ. ಟೀಚರಮ್ಮನ ಯಜಮಾನರ ತಾತ ಹೊಸದುರ್ಗದ ಕಡೆಯ ರೈತ. ವೆಸ್ಲಿಯನ್ ಮಿಷನ್ನಿನವರು ಮೈಸೂರು ಸಂಸ್ಥಾನದಲ್ಲಿ ಊರೂರು ಸುತ್ತುತ್ತಿದ್ದ ಕಾಲ. ತಾತ ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ಜುಟ್ಟಿಗೆ ಕತ್ತರಿ ಬಿತ್ತು. ನೀರಿನಲ್ಲಿ ಮುಳುಗಿದ್ದಕ್ಕಿಂತ ಊರಿನವರಿಗೆ ಕಾಣಿಸಿದ್ದು ಅದು. ಆಮೇಲೆ ಎಷ್ಟೋ ಕಾಲ ತಾತ ಸಂತೆಗೆ ಹೋಗುವಾಗ ರುಮಾಲನ್ನು ಹಿಂದಕ್ಕೆ ಎಳೆದು, ಕತ್ತು ಮುಚ್ಚುವ ಹಾಗೆ ಸುತ್ತಿಕೊಳ್ಳುತ್ತಿದ್ದರಂತೆ, ಸೆಕೆಗಾಲದಲ್ಲೂ. ಬೋಳು ಕತ್ತು ಜನಕ್ಕೆ ಕಂಡರೆ ನಾಚಿಕೆ. ಪೌಲ ಹೇಳಿದ ಅವಮಾನ ತಾತನ ಪಾಲಿಗೆ ಕೂದಲು ಹೋದ ಮೇಲೆ ಶುರುವಾಯಿತು.

ಈ ಜುಟ್ಟಿನ ಜಗಳ ರೋಮಿನ ತನಕ ಹೋಗಿತ್ತು ಅಂದರೆ ನಂಬುತ್ತೀರಾ? 1606ರಲ್ಲಿ ಮಧುರೈಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ಕ್ರೈಸ್ತರಾದ ಬ್ರಾಹ್ಮಣರು ಜುಟ್ಟು ಜನಿವಾರ ಇಟ್ಟುಕೊಳ್ಳಲಿ ಬಿಡಿ ಅಂದ. ಉಳಿದ ಪಾದ್ರಿಗಳು ಕೆಂಡಾಮಂಡಲವಾದರು. ದೂರು, ವಾದ, ವಿಚಾರಣೆ ಎಲ್ಲ ನಡೆದು 1623ರ ಜನವರಿ 31ರಂದು ಪೋಪ್ 15ನೇ ಗ್ರೆಗೊರಿ ಅಪ್ಪಣೆ ಕೊಟ್ಟ. ಮೂಢನಂಬಿಕೆಯ ಆಚರಣೆ ಬಿಟ್ಟು, ಕುಲದ ಗುರುತಾಗಿ ಮಾತ್ರ ಜುಟ್ಟು ಇರಲಿ ಅಂತ. ಇನ್ನೂರು ವರ್ಷ ಕಳೆದ ಮೇಲೆ ಪ್ರಾಟೆಸ್ಟೆಂಟ್ ಮಿಷನರಿಗಳಲ್ಲಿ ಅದೇ ಜಗಳ ಮತ್ತೆ. ಮಧುರೈಯ ಅಮೆರಿಕನ್ನರು ಕತ್ತರಿಸಲೇಬೇಕು ಅಂದರು. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಮಾತ್ರ ಜುಟ್ಟು ಧರ್ಮವಲ್ಲ, ದೇಶದ ರೂಢಿ ಅಂತ ಒಂದು ಪುಸ್ತಿಕೆಯನ್ನೇ ಬರೆದ.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಚರ್ಚಿನವರು ಯಾವತ್ತೂ ಕೂದಲಿನ ಉದ್ದ ಅಳೆದವರಲ್ಲ, ಅದು ಯಾರ ಹಾಗೆ ಕಾಣುತ್ತದೆ ಅಂತ ನೋಡಿದವರು. ಕೊರಿಂಥ ರೋಮನ್ನರು ಮತ್ತೆ ಕಟ್ಟಿದ ಊರು, ನಾಣ್ಯದ ಮೇಲಿನ ಚಕ್ರವರ್ತಿಗೂ ಗಿಡ್ಡ ಕೂದಲೇ. ಪೌಲ ಪ್ರಕೃತಿ ಅಂದದ್ದು ಆ ಊರಿನ ಮರ್ಯಾದೆಗೆ ಇರಬೇಕು. 1105ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಹೆನ್ರಿ ನಾರ್ಮಂಡಿಯಲ್ಲಿ ಈಸ್ಟರ್ ಪೂಜೆಗೆ ಕೂತಾಗ, ಸೆರ್ಲೊ ಎಂಬ ಬಿಷಪ್ ಪ್ರವಚನ ಮುಗಿಸಿ ಕತ್ತರಿ ತೆಗೆದು ರಾಜನ ಕೂದಲನ್ನೇ ಕತ್ತರಿಸಿದನಂತೆ, ಆಮೇಲೆ ಆಸ್ಥಾನದವರೆಲ್ಲ ತಲೆ ಒಡ್ಡಿದರಂತೆ. ನಮ್ಮಲ್ಲಿ ಕತ್ತರಿಸಿದ್ದು ಹಿಂದೂ ಥರ ಕಾಣಬಾರದು ಅಂತ. 1970ರ ಹೊತ್ತಿಗೆ ಹೆದರಿಕೆ ಹಿಪ್ಪಿಗಳದು.

ಆ ಕಾಲ ನನಗೂ ನೆನಪಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ತ.ರಾ.ಸು. ಕಥೆ, ನಮ್ಮ ಕೋಟೆಯಲ್ಲೇ ಶೂಟಿಂಗ್. ದುರ್ಗದ ಕ್ರೈಸ್ತರಲ್ಲಿ ನಾಡಿಗೆಲ್ಲ ಗೊತ್ತಿರುವ ಹೆಸರು ಇವತ್ತಿಗೂ ಆ ಕಥೆಯ ಮಾರ್ಗರೆಟ್ಟೇ. ಸಿನಿಮಾ ಬಂದ ಮೇಲೆ ಊರಿನ ಅರ್ಧ ಹುಡುಗರು ರಾಮಾಚಾರಿಗಳಾದರು, ಕಟಿಂಗ್ ಶಾಪಿನವರು ನೊಣ ಹೊಡೆದರು. ಟೀಚರಮ್ಮ ಆಗ ಹೊಸದಾಗಿ ಕೆಲಸಕ್ಕೆ ಸೇರಿದವರು. ಕ್ವಾಯರಿನಲ್ಲಿ ಹಾಡುತ್ತಿದ್ದ ಹುಡುಗನೊಬ್ಬ ಕಿವಿ ಮುಚ್ಚುವ ಕೂದಲು ಬಿಟ್ಟಿದ್ದಕ್ಕೆ ಅಂದಿನ ಪಾದ್ರಿ ಅಯ್ಯನವರು ಅವನನ್ನು ಕಡೇ ಬೆಂಚಿಗೆ ಕಳಿಸಿದ್ದರಂತೆ. "ಒಳ್ಳೇ ಕಂಠ. ಆಮೇಲೆ ಚರ್ಚಿಗೇ ಬರೋದು ಬಿಟ್ಟ," ಅಂದರು. ಅದನ್ನು ಹೇಳುವಾಗ ಮಾತ್ರ ಅವರ ದನಿಯಲ್ಲಿ ಪೌಲ ಇರಲಿಲ್ಲ.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಉಲ್ಟಾ ನಡೆದಿತ್ತು. ಕೋಸ್ಟಾ ಮೆಸಾ ಎಂಬ ಊರಿನ ಪಾದ್ರಿ ಚಕ್ ಸ್ಮಿತ್, ಲಾನಿ ಫ್ರಿಸ್ಬಿ ಎಂಬ ಉದ್ದಗೂದಲ ಹಿಪ್ಪಿ ಹುಡುಗನನ್ನೇ ಪ್ರಸಂಗ ಮಾಡಲು ನಿಲ್ಲಿಸಿದ. ಬರಿಗಾಲ ಹುಡುಗರು ಹೊಸ ಕಾರ್ಪೆಟ್ ಹಾಳುಮಾಡುತ್ತಾರೆ ಅಂತ ಹಿರಿಯರು ಗೊಣಗಿದ್ದಕ್ಕೆ, ಸ್ಮಿತ್, ಹಾಗಾದರೆ ಕಾರ್ಪೆಟ್ಟನ್ನೇ ಕಿತ್ತುಹಾಕೋಣ ಅಂದನಂತೆ. 1971ರ ಜೂನ್ 21ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಈ ಹುಡುಗರ ಗದ್ದಲವೇ. ಇವತ್ತು ಚರ್ಚುಗಳಲ್ಲಿ ಗಿಟಾರು, ಡ್ರಮ್ಸು ಬಾರಿಸುತ್ತಾರಲ್ಲ, ಅದರ ಒಂದು ದೊಡ್ಡ ಬೇರು ಅಲ್ಲಿದೆ. ಟೀಚರಮ್ಮನ ಮೊಮ್ಮಗ ಆ ವಂಶದವನು, ಅವನಿಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ.

ಅಷ್ಟು ದೂರ ಯಾಕೆ, 1955ರಲ್ಲಿ ಇಂಗ್ಲೆಂಡಿನಿಂದ ಬಂದ ಬೀಡ್ ಗ್ರಿಫಿತ್ಸ್ ಎಂಬ ಸನ್ಯಾಸಿ ಮೊದಲು ನೆಲೆ ಹುಡುಕಿದ್ದು ನಮ್ಮ ಕೆಂಗೇರಿಯಲ್ಲಿ. ಆಮೇಲೆ ಕೇರಳ, 1968ರಿಂದ ತಮಿಳುನಾಡಿನ ಕಾವೇರಿ ದಡದ ಶಾಂತಿವನಂ. ಕಾವಿ ಉಟ್ಟು, ಬಿಳೀ ಕೂದಲು ಗಡ್ಡ ಬಿಟ್ಟ ಅವರ ಫೋಟೋ ತೋರಿಸಿದರೆ ನಮ್ಮ ಕಡೆಯವರು ಯಾವ ಮಠದ ಸ್ವಾಮಿಗಳು ಅಂತ ಕೇಳುತ್ತಾರೆ.

ಟೀಚರಮ್ಮನ ಹೆದರಿಕೆಯಲ್ಲೂ ಈ ಮಣ್ಣಿನ ವಾಸನೆ ಇದೆ. ಅವರು ಹುಟ್ಟಿ ಬೆಳೆದದ್ದು ಹಿರಿಯೂರು. ಸುತ್ತಲ ಹಟ್ಟಿಗಳ ಪೂಜಾರಪ್ಪಂದಿರು ಕೂದಲಿಗೆ ಕತ್ತರಿ ತಾಗಿಸದೆ ಗಂಟು ಕಟ್ಟಿಕೊಂಡಿರುವುದನ್ನು ಚಿಕ್ಕಂದಿನಿಂದ ನೋಡಿದವರು. ಹೊಳಲ್ಕೆರೆಯ ಬಯಲು ಗಣಪನ ಬೆನ್ನ ಹಿಂದೆ ಸುತ್ತಿ ಹೋದರೆ ಜಡೆ ತೋರಿಸುತ್ತಾರೆ. ಇಲ್ಲಿ ಉದ್ದ ಕೂದಲಿನ ಗಂಡಸು ಅಂದರೆ ಒಂದೋ ದೇವರು, ಒಂದೋ ದೇವರ ಪೂಜಾರಿ, ಇಲ್ಲಾ ನಾಟಕದವನು. ಮೂರೂ ಅಲ್ಲದ ಮೊಮ್ಮಗನನ್ನು ಯಾವ ಸಾಲಿಗೆ ಸೇರಿಸುವುದು?

ಕಡೆಗೆ ಅವರು ಅಯ್ಯನವರ ಹತ್ತಿರವೇ ದೂರು ಒಯ್ದರು. ಈಗಿನವರು ಚಿಕ್ಕ ವಯಸ್ಸಿನವರು. "ಅಮ್ಮಾ, ಕೂದಲು ಇರೋ ವಯಸ್ಸಿನ ಹುಡುಗರು ಚರ್ಚಿಗೆ ಬರ್ತಿದಾರಲ್ಲ, ನನಗೆ ಅಷ್ಟು ಸಾಕು," ಅಂದರಂತೆ. ಟೀಚರಮ್ಮನಿಗೆ ಆ ಮಾತು ಹಿಡಿಸಲಿಲ್ಲ, ಎದುರು ಮಾತೂ ಸಿಗಲಿಲ್ಲ.

ಅವರಿಗೆ ಮುಖ ಉಳಿಸಿಕೊಳ್ಳಲು ಒಂದು ಪುಣ್ಯದ ಕಾರಣ ಬೇಕಿತ್ತು, ನಾನೇ ಹುಡುಕಿಕೊಟ್ಟೆ. ಕ್ಯಾನ್ಸರ್ ರೋಗಿಗಳ ವಿಗ್ಗಿಗೆ ದಾನ ಮಾಡಲು ಎಷ್ಟೋ ಜನ ಬೆಳೆಸುತ್ತಾರೆ, ಇವನೂ ಹಾಗೇ ಇರಬೇಕು ಅಂದೆ. ಟೀಚರಮ್ಮನ ಮುಖ ಅರಳಿತು, ಹಿಂದಿನ ಬೆಂಚಿಗೆ ಹೇಳೋಕೆ ಎಂಥಾ ಉತ್ತರ! ಹುಡುಗನನ್ನು ಕೂಗಿ ಕೇಳಿದರು. ಅವನು ಹೆಡ್‌ಫೋನ್ ತೆಗೆದು, "ಇಲ್ಲಜ್ಜಿ, ಚೆನ್ನಾಗಿ ಕಾಣ್ತದೆ ಅಂತ," ಅಂದು ಮತ್ತೆ ಹಾಕಿಕೊಂಡ.

ಈಗ ಹೊಸ ಸುದ್ದಿ. ಹೊಳಲ್ಕೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗಿಯೂ ಬೆಂಗಳೂರಲ್ಲೇ ಕೆಲಸ, ಚರ್ಚಿನಲ್ಲಿ ಕೀಬೋರ್ಡ್ ಬಾರಿಸುತ್ತಾಳೆ, ಹುಡುಗನ ಜುಟ್ಟಿನ ಬಗ್ಗೆ ತಕರಾರಿಲ್ಲವಂತೆ. ಟೀಚರಮ್ಮ ಫೋನಿನಲ್ಲಿ ಫೋಟೋ ಹಿಗ್ಗಿಸಿ ಕಾಂಪೌಂಡಿನ ಮೇಲಿಂದ ನನಗೆ ತೋರಿಸಿದರು. ಲಕ್ಷಣವಾದ ಹುಡುಗಿ. ಕೂದಲು ಕಿವಿಯ ಕೆಳಗೆ ಎರಡು ಬೆರಳಿಗೆ ಮುಗಿದಿದೆ.

ಪೌಲ ಅದೇ ಅಧ್ಯಾಯದ ಮುಂದಿನ ವಚನದಲ್ಲೇ ಹೆಣ್ಣಿಗೆ ಉದ್ದ ಕೂದಲೇ ಗೌರವ ಅಂದಿದ್ದಾನೆ. ನಾನು ಬಾಯಿ ಬಿಡಲಿಲ್ಲ. ಟೀಚರಮ್ಮನೇ ಒಂದು ಸಲ ಫೋಟೋ, ಒಂದು ಸಲ ವರಾಂಡ ನೋಡಿದರು.

"ಇಬ್ಬರದ್ದೂ ಸೇರಿಸಿ ಅಳೆದರೆ ಪೌಲನ ಲೆಕ್ಕ ಸರಿಹೋಗ್ತದೆ, ಅಲ್ವೇನಪ್ಪಾ?"

"ಸರಿಹೋಗ್ತದೆ ಟೀಚರಮ್ಮ."

"ಎಣ್ಣೆ ಖರ್ಚು ಮಾತ್ರ ಗಂಡಿನ ಕಡೆಯವರದ್ದೇ ಆಗ್ತದೆ," ಅಂದು ಫೋನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.